ಬಾಲ್ಟಿಮೋರಿನ ಕುದುರೆ ವ್ಯಾಪಾರ

(ಬಾಲ್ಟಿಮೋರ್, 1984ರ ಮಾರ್ಚ್ 29ರ ಬೆಳಿಗ್ಗೆ. ಮಗಳ ಮನೆಗೆ ಬಂದಿರುವ ಮೈಸೂರಿನ ಮಾವನಿಗೆ ಕಾಫಿ, ಅಳಿಯನಿಗೆ ಕಣ್ಣೀರು.)

ಮಾವ: ಯಾಕ್ರೀ ಅಳಿಯಂದ್ರೇ, ಯಾರು ಹೋದ್ರು?

ಅಳಿಯ: ನಮ್ಮ ಕೋಲ್ಟ್ಸ್ ಫುಟ್‌ಬಾಲ್ ಟೀಮು, ಮಾವ! ರಾತ್ರೋರಾತ್ರಿ ಲಾರಿಗೆ ತುಂಬ್ಕೊಂಡು ಇಂಡಿಯಾನಾಪೊಲಿಸ್‌ಗೆ!

ಮಾವ: ಬಾಡಿಗೆ ಬಾಕಿ ಇತ್ತೇನೋ, ಪಾಪ.

ಅಳಿಯ: ಅಲ್ಲ! ಓನರ್ ಇರ್ಸೇಗೆ ಅಲ್ಲಿ ಹೊಸಾ ಸ್ಟೇಡಿಯಂ ಸಿಕ್ತು.

ಮಾವ: ಕೋಲ್ಟ್ ಅಂದ್ರೆ ಕುದುರೆ ಮರಿ ತಾನೆ? ಹುಲ್ಲಿದ್ದ ಕಡೆ ಮೇಯತ್ತೆ.

ಅಳಿಯ: 1953ರಿಂದ ನಮ್ದು ಅದು!

ಮಾವ: ಪತ್ರ ಯಾರ ಹೆಸರಲ್ಲಿದೆ?

ಅಳಿಯ: ...ಅವನ ಹೆಸರಲ್ಲಿ.

ಮಾವ: ನಿಮ್ಮ ಹತ್ರ?

ಅಳಿಯ: ಟೋಪಿ.

ಮಾವ: ಅದನ್ನಂತೂ ಸರಿಯಾಗೇ ಹಾಕಿದ್ದಾನೆ. ಸರ್ಕಾರ ಸುಮ್ನಿತ್ತಾ?

ಅಳಿಯ: ಟೀಮ್ ವಶಪಡಿಸ್ಕೊಳ್ಳೋ ಕಾನೂನಿಗೆ ಗವರ್ನರ್ ಇವತ್ತು ಸಹಿ ಹಾಕ್ತಾರೆ.

ಮಾವ: ಲಾರಿ ಹೋದ್ಮೇಲೆ? ಸರ್ಕಾರ ಎಲ್ಲಿದ್ರೂ ಸರ್ಕಾರಾನೇ ಬಿಡಿ.

ಅಳಿಯ: ಟೀಮಿನ ಬ್ಯಾಂಡಿನವರ ಯೂನಿಫಾರಂ ಮಾತ್ರ ಉಳೀತು. ಲಾಂಡ್ರಿಲಿತ್ತು.

ಮಾವ: ವರ ಓಡಿಹೋದ, ವಾಲಗದವರು ಉಳಿದ್ರು ಅನ್ನಿ!

(1995ರ ನವೆಂಬರ್. ಮಾವ ಮತ್ತೆ ಬಂದಿದ್ದಾರೆ. ಅಳಿಯ ಸಿಹಿ ಹಂಚುತ್ತಿದ್ದಾನೆ.)

ಅಳಿಯ: ಮಾವ, ಟೀಮ್ ಬರ್ತಿದೆ! ಕ್ಲೀವ್‌ಲ್ಯಾಂಡಿಂದ ಬ್ರೌನ್ಸ್!

ಮಾವ: ಅಲ್ಲಿನ ಜನ ಒಪ್ಪಿದ್ರಾ?

ಅಳಿಯ: ಅವರನ್ಯಾಕೆ ಕೇಳ್ಬೇಕು? ಪತ್ರ ಓನರ್ ಹೆಸರಲ್ಲಿದೆಯಲ್ಲ!