ಠಾಣೆಯ ಮನೆ ಅಳಿಯ

ಅಮೆರಿಕದ 1886ರ ವಿಂಚೆಸ್ಟರ್‌ನಂಥ, ಲಿವರ್ ಎಳೆದು ದಪ್ಪ ತೋಟಾ ತುಂಬುವ ರೈಫಲ್ಲಿನ ಕನಸು ಚಿಕ್ಕೋಡಿ ಸೀಮೆಗೆ ಒಗ್ಗದು. ಇಲ್ಲಿ ಬಂದೂಕು ಸಾಕುವುದೆಂದರೆ ಮಗನನ್ನು ಪೊಲೀಸ್ ಠಾಣೆಗೆ ಮನೆ ಅಳಿಯನಾಗಿ ಕೊಟ್ಟ ಹಾಗೆ. ಚುನಾವಣೆ ಬಂತೆಂದರೆ ಪರವಾನಗಿ ಕೋವಿ ಸಾಮಾನ್ಯವಾಗಿ ಅಲ್ಲಿಗೇ ಹೊರಡಬೇಕು. ಅಥಣಿ, ಕಾಗವಾಡಗಳಲ್ಲಂತೂ 2018ರ ಮೇ ತಿಂಗಳಲ್ಲಿ ವಿಧಾನಸಭೆ, 2019ರ ಏಪ್ರಿಲ್‌ನಲ್ಲಿ ಲೋಕಸಭೆ, ಡಿಸೆಂಬರ್‌ನಲ್ಲಿ ಉಪಚುನಾವಣೆ! ಶಾಸಕರು ಪಕ್ಷ ಬಿಟ್ಟರೆ ಕೋವಿ ಮನೆ ಬಿಡಬೇಕು. ಗೋಡೆಗೆ ತೂಗಿದರೆ ಗತ್ತು ಎನ್ನುವಿರಾ? ನಿಪ್ಪಾಣಿಯಲ್ಲಿ ಅಷ್ಟು ಗತ್ತಿಗೆ ಮೀಸೆಯೇ ಸಾಕು, ಅದಕ್ಕೆ ಪರವಾನಗಿಯೂ ಬೇಡ. ಕಬ್ಬಿಗೆ ಹಂದಿ ನುಗ್ಗಿದರೆ ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಆದರೆ ಕಾಡುಹಂದಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಅನುಮತಿಯಿಲ್ಲದೆ ಹೊಡೆದರೆ ಕೋವಿಯ ಹಿಂದೆಯೇ ಯಜಮಾನರೂ ಠಾಣೆಗೆ. ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಆಳೆತ್ತರ ಮೀರಿದ ರಾಯಬಾಗದ ಕಬ್ಬಿನಲ್ಲಿ ಹಂದಿ ಕಾಣುವುದುಂಟೇ? ಗುಂಡು ಹೋಗಿ ತಾಗುವುದು ಪಕ್ಕದ ಹೊಲದ ಪಂಪ್‌ಸೆಟ್ಟಿಗೆ.