ಹತ್ತರ ಪಟ್ಟಿ

ಗಾಂಧಿ ಬಜಾರಿನ ಹೋಟೆಲು. ಬೈಟು ಕಾಫಿ ಆರುತ್ತಿದೆ.

"ರಾಯರೇ, ನಿಮ್ಮ ಮೊದಲ ನಂಬರ್ ಯಾವುದು?"

"ಅದೂ ಕೇಳಬೇಕೇನ್ರೀ ಗೌಡ್ರೇ? 'ನಿತ್ಯೋತ್ಸವ', 1978. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ಟು. ನಿಸಾರರ ಪದ್ಯ, ಮೈಸೂರು ಅನಂತಸ್ವಾಮಿಗಳ ರಾಗ."

"ಮೊದಲು ಬಂದವರಿಗೆ ಮೊದಲ ಸ್ಥಾನ ಅಂದ್ರೆ ಇದೇನು ರೇಷನ್ ಅಂಗಡಿ ಕ್ಯೂನೇ? ನನ್ನದು ಅಶ್ವತ್ಥರು ಹಾಡಿದ ಶರೀಫರ ಪದ. ಆಮೇಲೆ 'ಪ್ರೇಮಲೋಕ', 1987, ಹಂಸಲೇಖ."

"ಸಿನಿಮಾ ಹಾಡು ಲೆಕ್ಕಕ್ಕಿಲ್ಲ."

"ಮತ್ತೆ ನಿಮ್ಮ ಪಟ್ಟೀಲಿ ಏಳನೆಯದು 'ನಾಗಮಂಡಲ'?"

"ಅದಕ್ಕೆ ಅಶ್ವತ್ಥರ ಸಂಗೀತ ಕಣ್ರೀ. ಅದು ಬೇರೆ."

(ಪಟ್ಟಿ ಬರೆದ ಮೇಲೆ ನಿಯಮ ಮಾಡುವುದು ಈ ಗೋಷ್ಠಿಯ ಸಂಪ್ರದಾಯ.)

"ಬಿ ಸೈಡ್ ಕೇಳಿದವನೇ ರಸಿಕ. ಟೇಪು ಸಿಕ್ಕಾದಾಗ ಪೆನ್ಸಿಲ್ ತೂರಿಸಿ ಸುತ್ತಿದ ಕೈ ಇದು!"

"ಕಡೇ ಸಲ ಕೇಳಿದ್ದು ಯಾವಾಗ?"

ರಾಯರು ಸುಮ್ಮನೆ ಲೋಟ ತಿರುಗಿಸಿದರು. "ಟೇಪ್ ರೆಕಾರ್ಡರ್ ಕೆಟ್ಟು 20 ವರ್ಷ ಆಯ್ತು. ಪಟ್ಟಿ ಮಾತ್ರ ತಿಂಗಳಿಗೊಮ್ಮೆ ತಿದ್ದುತೀನಿ."

ಮಾಣಿ ಬಿಲ್ಲು ತಂದ. ಒಂದು ಕಿವಿಯಲ್ಲಿ ಇಯರ್‌ಫೋನು.

"ಏನಪ್ಪ ಕೇಳ್ತಿದ್ದೀಯ?"

"ಶರೀಫಜ್ಜಂದು ಸಾರ್. ದಿನಾ ಕೇಳ್ತೀನಿ. ಆಲ್ಬಂ ಹೆಸರು ಗೊತ್ತಿಲ್ಲ."

ಅಂದಿನ ಒಂದೇ ಒಮ್ಮತ ಆಗ ಮೂಡಿತು:

"ಹೆಸರೇ ಗೊತ್ತಿಲ್ವಂತೆ! ಈಗಿನ ಹುಡುಗರಿಗೆ ಸಂಗೀತದ ಗಂಧವೇ ಇಲ್ಲ ಬಿಡಿ."