ತಲೆಯಾಡಿಸಿದ ತಪ್ಪಿಗೆ

ನಲವತ್ತು ಜನರ ಬಸ್ಸಿನಲ್ಲಿ ಕಾಶಿ, ಗಯಾ, ರಾಮೇಶ್ವರ ಎಲ್ಲ ಸುತ್ತಿ ಬಂದ ನಾವು, ಪ್ರವಾಸದಲ್ಲಿ ನಿದ್ದೆ ಮಾಡುವುದು ಟಿಕೆಟ್ಟಿನ ದುಡ್ಡಿನಲ್ಲೇ ಸೇರಿದೆ ಎಂದು ನಂಬಿದವರು. ಗೈಡು ಮೈಕು ಹಿಡಿದು ಯಾವ ಗೋಪುರವನ್ನು ಯಾವ ರಾಜ ಕಟ್ಟಿಸಿದ ಎಂದು ಹೇಳುತ್ತಿದ್ದರೆ, ಕೇಳಿಸಿಕೊಳ್ಳಲಿಕ್ಕೆ ಮುಂದಿನ ಸೀಟಿನಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಇದ್ದೇ ಇರುತ್ತಾರೆ. ಪ್ರಶ್ನೆ ಕೇಳುವವರು ಅವರು, ಡೈರಿಯಲ್ಲಿ ಬರೆದುಕೊಳ್ಳುವವರೂ ಅವರೇ. ಹಿಂದಿನ ಸೀಟಿನಲ್ಲಿ ನಮ್ಮದು ಗೊರಕೆ. ಪುಣ್ಯ ಮಾತ್ರ ಇಡೀ ಬಸ್ಸಿಗೆ ಸಮಪಾಲು.

ಹೀಗಿರುವಾಗ ದುಬೈಯಲ್ಲಿರುವ ಮಗಳು, ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬಿತೆಂದು, ಈಜಿಪ್ಟಿನ ಸಿವಾ ಎಂಬ ಓಯಸಿಸ್‌ಗೆ ಐದು ದಿನದ ಪ್ರೈವೇಟ್ ಟೂರ್ ಬುಕ್ ಮಾಡಿಬಿಟ್ಟಳು. ‘ನೀವಿಬ್ಬರೇ ಅಪ್ಪಾ. ಯಾರ ಗಲಾಟೆಯೂ ಇರಲ್ಲ’ ಎಂದಳು ಫೋನಿನಲ್ಲಿ.

‘ಇಬ್ಬರೇನಾ?’ ಎಂದಳು ನನ್ನಾಕೆ, ಮಗಳನ್ನಲ್ಲ, ನನ್ನನ್ನು ನೋಡುತ್ತ.

ಗಲಾಟೆ ಇಲ್ಲದಿರುವುದೇ ಪ್ರೈವೇಟ್ ಟೂರಿನ ದೊಡ್ಡ ತೊಂದರೆ ಎಂಬುದು ಕೈರೋ ಬಿಟ್ಟ ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಡ್ರೈವರಿಗೆ ಅರಬ್ಬಿ ಬಿಟ್ಟು ಬೇರೆ ಬಾರದು. ಅವನ ಪಕ್ಕದಲ್ಲಿ ಕೂತ ಗೈಡು ಸಿವಾದವನೇ, ಮೂವತ್ತರ ಆಸುಪಾಸಿನ ಹುಡುಗ, ತನ್ನೂರಿನ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಅವನು ಬೆಲ್ಟು ಸಡಿಲಿಸಿ, ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ, ನಮ್ಮ ಮುಖಕ್ಕೆ ಮುಖ ಕೊಟ್ಟು ಮಾತು ಶುರುಮಾಡಿದ. ಸಿವಾಕ್ಕೆ ಸುಮಾರು 750 ಕಿಲೋಮೀಟರ್. ಅಷ್ಟು ದೂರವನ್ನೂ ಆ ಪುಣ್ಯಾತ್ಮ ಹಿಮ್ಮುಖವಾಗಿಯೇ ಪ್ರಯಾಣ ಮಾಡಿದನೆಂದರೆ ಸುಳ್ಳಲ್ಲ. ಕೇಳುವ ತಲೆಗಳು ಎರಡೇ. ಒಂದು ತೂಕಡಿಸಿದರೆ ಸಭೆಯ ಅರ್ಧ ಖಾಲಿ! ಹೆಡ್‌ಮಾಸ್ತರರ ಬೆಲೆ ನನಗೆ ಅವತ್ತು ತಿಳಿಯಿತು.

ನಾವಿಬ್ಬರೂ ಪಾಳಿ ಹಾಕಿಕೊಂಡೆವು. ‘ಎಲ್ ಅಲಮೈನ್ ತನಕ ನೀವು ತಲೆ ಆಡಿಸ್ತಾ ಇರಿ. ಆಮೇಲೆ ನಾನು ನೋಡ್ಕೋತೀನಿ’ ಎಂದು ಅವಳು ಸೆರಗು ಹೊದ್ದು ಕಣ್ಣು ಮುಚ್ಚಿದಳು. ಎಲ್ ಅಲಮೈನ್ ಎಂದರೆ 1942ರಲ್ಲಿ ಬ್ರಿಟಿಷರ ಪಡೆ ಜರ್ಮನಿಯ ರೊಮೆಲ್‌ನನ್ನು ತಡೆದು ಹಿಮ್ಮೆಟ್ಟಿಸಿದ ಜಾಗ. ಅಲ್ಲಿಯ ಯುದ್ಧ ಸ್ಮಶಾನದಲ್ಲಿ ಸಾಲು ಸಾಲು ಬಿಳಿಯ ಕಲ್ಲುಗಳು. ಒಂದು ಮೂಲೆಯಲ್ಲಿ, ಹೂಳದೆ ದಹನ ಮಾಡಿದ ಸೈನಿಕರಿಗೆಂದೇ ಬೇರೆ ಸ್ಮಾರಕವಿದೆ. ಅಲ್ಲಿ ನಮ್ಮ ದೇಶದ ಹೆಸರುಗಳನ್ನು ಓದುತ್ತ ನಿಂತೆವು. ಗೈಡು ಅಲ್ಲಿ ಮಾತ್ರ ತಾನಾಗಿ ಸುಮ್ಮನಿದ್ದ.

ದಾರಿಯುದ್ದಕ್ಕೂ ತಪಾಸಣೆಯ ಠಾಣೆಗಳು. ಪ್ರತಿಯೊಂದರಲ್ಲೂ ಪಾಸ್‌ಪೋರ್ಟ್, ಅದರ ಜೆರಾಕ್ಸು, ಜೆರಾಕ್ಸಿನ ಮೇಲೊಂದು ಮುದ್ರೆ. ಮೂವತ್ತಮೂರು ವರ್ಷ ತಾಲೂಕು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ ನನಗೆ ಮರುಭೂಮಿಯ ನಡುವೆ ಮುದ್ರೆಯ ಸದ್ದು ಕೇಳಿ ತವರು ಕಂಡಂತಾಯಿತು. ಬಂದೂಕು ಹಿಡಿದ ಹುಡುಗರು ಒಳಗೆ ಇಣುಕಿ, ‘ಹಿಂದ್?’ ಎನ್ನುವರು. ಹೌದೆಂದರೆ ‘ಅಮಿತಾಭ್ ಬಚ್ಚನ್!’ ಎಂದು ನಕ್ಕು ದಾರಿ ಬಿಡುವರು. ಅಷ್ಟೇ ಅಲ್ಲ, ನಾನು ಜೀವಮಾನವಿಡೀ ಕಡತದಲ್ಲಿ ಬರೆದದ್ದರಲ್ಲಿ ಬಹುಪಾಲು ಅರಬ್ಬಿಯೇ ಎಂಬುದು ಅಲ್ಲಿ ಹೊಳೆಯಿತು. ತಾರೀಖು, ತಕರಾರು, ವಸೂಲಿ, ವಕೀಲ, ಹಾಜರಿ, ತಾಲೂಕು ಎಲ್ಲವೂ ಆ ಕಡೆಯಿಂದ ಬಂದವು. ಕೂತ ಕುರ್ಚಿಯೂ ಅಲ್ಲಿಯದೇ. ಒಂದು ಅಂಗಡಿಯಲ್ಲಿ ಚಿಲ್ಲರೆ ವಾಪಸು ಕೊಡದೆ ನಿಂತವನಿಗೆ ಸಿಟ್ಟಿನಿಂದ ‘ಬಾಕಿ?’ ಎಂದೆ. ಥಟ್ಟನೆ ಕೊಟ್ಟುಬಿಟ್ಟ. ಈಜಿಪ್ಟಿನವರು ನಡುವಿನ ಅಕ್ಷರವನ್ನು ನುಂಗಿ ಅದನ್ನು ‘ಬಾಯಿ’ ಎನ್ನುತ್ತಾರಂತೆ. ಬಾಕಿ ಕೇಳುವುದಕ್ಕೆ ಬಾಯಿ ಬೇಕು ಎಂಬುದನ್ನು ನಮ್ಮ ಕಚೇರಿಯಲ್ಲಿ ಯಾರಿಗೂ ಕಲಿಸಬೇಕಾಗಿರಲಿಲ್ಲ ಬಿಡಿ.

ಮಾತು ಹೀಗೆ ಹೇಗೋ ನಡೆಯಿತು. ಕೈಕೊಟ್ಟದ್ದು ತಲೆ.

ನಾವು ತಲೆಯನ್ನು ಎಡಕ್ಕೂ ಬಲಕ್ಕೂ ಓಲಾಡಿಸುತ್ತೇವಲ್ಲ, ಅದರಲ್ಲಿ ‘ಹೂಂ’ ಇದೆ, ‘ನೋಡೋಣ’ ಇದೆ, ‘ಬೇಡವಾಗಿತ್ತು, ಆದರೆ ನೀವು ಬೇಜಾರು ಮಾಡ್ಕೋಬೇಡಿ’ ಎಂಬುದೂ ಇದೆ. ಇದು ಸಿವಾದ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಅವರ ಕಡೆ ಗದ್ದ ಮೇಲೆತ್ತಿ ಲೊಚ್ ಎಂದರೆ ‘ಇಲ್ಲ’ ಎಂದರ್ಥ. ನಮ್ಮ ಕಡೆ ಲೊಚಗುಟ್ಟುವುದು ಅಯ್ಯೋ ಪಾಪ ಎನ್ನುವಾಗ. ಈ ಎರಡು ವ್ಯಾಕರಣಗಳು ಒಂದೇ ಕಾರಿನಲ್ಲಿ ಕೂತಿದ್ದವು.

ಮೊದಲ ಏಟು ಚಹಾದ್ದು. ಸಿವಾದವರ ಚಹಾ ಸಣ್ಣ ಗಾಜಿನ ಲೋಟದಲ್ಲಿ ಬರುತ್ತದೆ. ಕುದಿಸಿ ಕುದಿಸಿ ಕಷಾಯದ ಬಣ್ಣಕ್ಕೆ ತಂದದ್ದು, ಸಕ್ಕರೆ ಧಾರಾಳ. ಮೊದಲ ಗುಟುಕಿಗೇ ನನ್ನಾಕೆ ಕಣ್ಣರಳಿಸಿದಳು. ‘ರೀ, ಇದು ನಮ್ಮ ಬಚ್ಚಲ ಹಿಂದಿನ ಮಜ್ಜಿಗೆಹುಲ್ಲು!’ ನಿಜ, ಅದೇ ಹುಲ್ಲು. ಗೈಡು ‘ಇನ್ನೊಂದು?’ ಎಂದ. ತಲೆ ಓಲಾಡಿಸಿದೆ. ಬಂತು. ಮತ್ತೆ ಕೇಳಿದ. ಸಾಕು ಎನ್ನುವ ಹಾಗೆ ಇನ್ನೂ ಮೆತ್ತಗೆ ಓಲಾಡಿಸಿದೆ. ಮತ್ತೆ ಬಂತು. ಆರನೆಯ ಲೋಟಕ್ಕೆ ‘ಖಲಾಸ್’ ಎಂಬ ಶಬ್ದ ನೆನಪಾಗಿ ಬದುಕಿಕೊಂಡೆ. ಅಷ್ಟರಲ್ಲಿ ಚಹಾ ಕೊಟ್ಟ ಮನೆಯವರಿಗೆಲ್ಲ ಹಿಂದ್‌ನಿಂದ ಬಂದ ಈ ಮುದುಕನಿಗೆ ಚಹಾ ಎಂದರೆ ಪ್ರಾಣ ಎಂದು ಖಾತ್ರಿಯಾಗಿತ್ತು. ಹೋದಲ್ಲೆಲ್ಲ ನನಗಿಂತ ಮೊದಲು ಆ ಸುದ್ದಿ ಹೋಗಿರುತ್ತಿತ್ತು.

ಸಿವಾ ಇರುವುದು ಲಿಬಿಯಾ ಗಡಿಗೆ ಸುಮಾರು 50 ಕಿಲೋಮೀಟರ್ ಈಚೆ, ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ. ಮರ್ಸಾ ಮತ್ರೂಹ್ ಎಂಬ ಕಡಲತಡಿಯ ಊರಿನಿಂದ ದಕ್ಷಿಣಕ್ಕೆ ತಿರುಗಿ 300 ಕಿಲೋಮೀಟರ್ ಹೋದರೂ ಒಂದು ಮರ ಕಾಣದು. ಆಮೇಲೆ ಒಮ್ಮೆಲೇ ಖರ್ಜೂರದ ತೋಟ, ಆಲಿವ್ ತೋಟ, ನೀರಿನ ಬುಗ್ಗೆ, ಉಪ್ಪಿನ ಸರೋವರ. ಕತ್ತೆಗಾಡಿಗಳಿಗೆ ಹೆಸರಾದ ಊರು. ಈಗ ಅವಕ್ಕೆ ಅಡ್ಡ ಬರುವುದು ನಮ್ಮದೇ ಆಟೋರಿಕ್ಷಾ. ಜನ ಆಡುವುದು ಸಿವಿ ಎಂಬ ಅಮಾಝಿಗ್ ಭಾಷೆ. ಅರಬ್ಬಿ ಶಾಲೆಗೆ, ಸರ್ಕಾರಕ್ಕೆ. ನಮ್ಮಲ್ಲಿ ತುಳುವಿನವರು ಮನೆಯಲ್ಲೊಂದು ಕಚೇರಿಯಲ್ಲೊಂದು ಮಾತಾಡುವ ಹಾಗೆ.

ಊರ ನಡುವೆ ಶಾಲಿ ಎಂಬ ಹಳೇ ಕೋಟೆ. ಹದಿಮೂರನೇ ಶತಮಾನದ್ದು. ಉಪ್ಪು ಬೆರೆತ ಮಣ್ಣಿನ ಹೆಂಟೆಗಳಿಂದ ಕಟ್ಟಿದ್ದು. ಅದಕ್ಕೆ ಕೆರ್ಶೆಫ್ ಎಂದು ಹೆಸರು. ಏಳುನೂರು ವರ್ಷ ಬಿಸಿಲಿಗೆ, ಬಾಣಕ್ಕೆ ಜಗ್ಗದ ಊರು 1926ರಲ್ಲಿ ಮೂರು ದಿನ ಬಿಡದೆ ಹೊಯ್ದ ಮಳೆಗೆ ಕರಗಿಹೋಯಿತಂತೆ. ಜನ ಕೆಳಗಿಳಿದು ಬೇರೆ ಮನೆ ಕಟ್ಟಿಕೊಂಡರು. ‘ಮೂರು ದಿನ!’ ಎಂದು ಗೈಡು ಮೂರು ಬೆರಳೆತ್ತಿ ತೋರಿಸಿದ. ನನ್ನಾಕೆ ಲೊಚಗುಟ್ಟಿದಳು.

‘ಇಲ್ಲ ಅಲ್ಲ ಮದಾಮ್, ನಿಜವಾಗಿಯೂ ಮೂರು ದಿನ’ ಎಂದ ಅವನು, ನೊಂದುಕೊಂಡು.

ನಾನು ಸಮಾಧಾನ ಮಾಡಲು ಹೋಗಿ ನಮ್ಮದು ಆಗುಂಬೆಯ ಸೀಮೆ, ಅಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ, ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ ಎಂದೆ. ಅವನು ನನ್ನ ತಲೆಯನ್ನೇ ದಿಟ್ಟಿಸಿ ನೋಡಿದ, ಅಲ್ಲಾಡುತ್ತಿದೆಯೇ ಎಂದು. ‘ಹಾಗಾದರೆ ನಿಮ್ಮ ಮನೆ ಕರಗಲ್ಲವೆ?’ ಎಂದ. ಜಂಬಿಟ್ಟಿಗೆಯನ್ನು ನೆಲದಿಂದ ಕಡಿದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ ಎಂದು ವಿವರಿಸಿದೆ. ಐದು ದಿನದಲ್ಲಿ ಅವನು ಕೇಳಿದವನೂ ನಾನು ಹೇಳಿದವನೂ ಆದದ್ದು ಆಗೊಮ್ಮೆಯೇ. ಹತ್ತು ನಿಮಿಷದಲ್ಲಿ ಅವನಿಗೆ ಆಕಳಿಕೆ ಬಂತು. ನನಗೆ ಪರಮ ಸಂತೋಷವಾಯಿತು.

‘ನಾಳೆ ಅಘೂರ್ಮಿ’ ಎಂದ ಕೊನೆಗೆ.

‘ಆಗುಂಬೆ ನೋಡಕ್ಕೆ ಇಷ್ಟು ದೂರ ಬರಬೇಕಿತ್ತೇನ್ರೀ?’ ಎಂದಳು ಇವಳು, ಅರೆನಿದ್ದೆಯಲ್ಲಿ.

ಅಘೂರ್ಮಿಯ ಗುಡ್ಡದ ಮೇಲೆ ಅಮುನ್ ದೇವರ ಗುಡಿಯಿದೆ. ಕಣಿ ಹೇಳುವ ದೇವರು. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ನಾವು ಬಂದ ದಾರಿಯಲ್ಲೇ, ಕಡಲತಡಿ ಹಿಡಿದು ಬಂದು ಮತ್ರೂಹ್‌ನ ಹತ್ತಿರ ತಿರುಗಿ, ಇಲ್ಲಿಗೆ ಕಣಿ ಕೇಳಲು ಬಂದಿದ್ದ. ದಾರಿ ತಪ್ಪಿದಾಗ ಕಾಗೆಗಳು ಮುಂದೆ ಹಾರಿ ದಾರಿ ತೋರಿಸಿದವು, ರಾತ್ರಿ ಹಿಂದುಳಿದವರನ್ನು ಕೂಗಿ ಕರೆದವು ಎಂಬ ಕಥೆ ಪ್ಲುಟಾರ್ಕನಲ್ಲಿದೆ. ‘ನಮ್ಮ ಕಾಗೆಗಳು ಪಕ್ಷದ ದಿನ ಎಡೆಯಿಟ್ಟು ಗಂಟೆಗಟ್ಟಲೆ ಕೂಗಿದರೂ ಬರಲ್ಲ’ ಎಂದಳು ಇವಳು.

ಅದೇ ಪ್ಲುಟಾರ್ಕ್ ಇನ್ನೊಂದು ಹೇಳುತ್ತಾನೆ. ಪೂಜಾರಿಗೆ ಗ್ರೀಕ್ ಅಷ್ಟಕ್ಕಷ್ಟೆ. ಬಂದ ಹುಡುಗನನ್ನು ಅಕ್ಕರೆಯಿಂದ ‘ಪೈದಿಯೋನ್’, ಅಂದರೆ ‘ಮಗೂ’ ಎನ್ನಲು ಹೋಗಿ ಕೊನೆಯಕ್ಷರ ತಪ್ಪಿ ‘ಪೈದಿಯೋಸ್’ ಎಂದನಂತೆ. ಅಲೆಕ್ಸಾಂಡರನ ಕಿವಿಗೆ ಅದು ‘ಪೈ ದಿಯೋಸ್’, ಜೀಯಸ್ ದೇವರ ಮಗನೇ, ಎಂದು ಬಿತ್ತು. ಅವನು ತಿದ್ದಲಿಲ್ಲ. ತಿದ್ದುವವರು ಯಾರು ಹೇಳಿ! ನಾನು ಆರು ಲೋಟ ಚಹಾ ಕುಡಿದದ್ದು ತಲೆಯ ತಪ್ಪಿನಿಂದ. ಅವನು ದೇವಪುತ್ರನಾದದ್ದು ನಾಲಗೆಯ ತಪ್ಪಿನಿಂದ. ಸಿವಾದ ನೆಲದ ಗುಣವೇ ಹಾಗಿರಬೇಕು ಎಂದುಕೊಂಡೆ.

ಒಳಗೆ ಕೇಳಿದ್ದೇನು ಎಂಬುದನ್ನು ಅಲೆಕ್ಸಾಂಡರ್ ಹೊರಗೆ ಬಂದು ಬಾಯಿಬಿಡಲಿಲ್ಲ. ಕೆಲವು ಗುಟ್ಟಿನ ಮಾತುಗಳಿವೆ, ಊರಿಗೆ ಬಂದಾಗ ನಿನಗೊಬ್ಬಳಿಗೇ ಹೇಳುತ್ತೇನೆ ಎಂದು ತಾಯಿಗೆ ಕಾಗದ ಬರೆದ. ಎಂಟು ವರ್ಷದ ಮೇಲೆ ಬ್ಯಾಬಿಲೋನಿನಲ್ಲಿ ತೀರಿಕೊಂಡ. ಊರಿಗೆ ಹೋಗಲೇ ಇಲ್ಲ. ಗೈಡು ಇದನ್ನು ಹೇಳಿದಾಗ ಪಾಳಿ ನನ್ನದಾಗಿತ್ತು. ಆದರೂ ಇವಳು ಎಚ್ಚರವಾಗಿದ್ದಳು. ಮುರಿದ ಗೋಡೆಗೆ ಒರಗಿ ಸುಮಾರು ಹೊತ್ತು ತೋಟ ನೋಡಿದಳು. ‘ಎಲ್ಲ ಮಕ್ಕಳೂ ಹಾಗೇನೆ. ಫೋನಲ್ಲಿ ಕೇಳಿದ್ರೆ, ಬಂದಾಗ ಹೇಳ್ತೀನಮ್ಮ ಅಂತಾರೆ’ ಎಂದಳು. ಮಗಳು ಊರಿಗೆ ಬಂದು ಎರಡು ವರ್ಷವಾಗಿತ್ತು.

ಮರಳ ಸಮುದ್ರಕ್ಕೆ ಹೋದದ್ದು ನಾಲ್ಕನೆಯ ದಿನ. ಸುಮಾರು 72,000 ಚದರ ಕಿಲೋಮೀಟರ್ ಬರೀ ಮರಳು. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅಂಚಿನಲ್ಲಿ ಜೀಪು ನಿಲ್ಲಿಸಿ ನಾಲ್ಕೂ ಚಕ್ರದ ಗಾಳಿ ಬಿಡತೊಡಗಿದರು. ಗಾಳಿ ಕಮ್ಮಿಯಾದರೆ ಚಕ್ರ ಅಗಲವಾಗಿ ಮರಳಿನಲ್ಲಿ ಹೂಳುವುದಿಲ್ಲ. ಆ ಉಸ್ಸೆನ್ನುವ ಸದ್ದಿನ ನಡುವೆ, ಅಮುನ್ ಗುಡಿಯನ್ನು ಸುಡಲು ಪರ್ಷಿಯಾದ ಕಂಬೈಸಿಸ್ ಕಳಿಸಿದ 50,000 ಸೈನಿಕರು ಇದೇ ಮರುಭೂಮಿಯಲ್ಲಿ ಬಿರುಗಾಳಿಗೆ ಸಿಕ್ಕಿ ಹೂತುಹೋದರೆಂದು ಹೆರೊಡೋಟಸ್ ಬರೆದದ್ದನ್ನು ಗೈಡು ಹೇಳಿದ. ಯಾವ ಮಾತನ್ನು ಯಾವಾಗ ಹೇಳಬೇಕೆಂದು ಪ್ರವಾಸ ಕಂಪನಿಗಳು ಇವರಿಗೆ ಕಲಿಸಬಾರದೆ? ದಿಬ್ಬದ ನೆತ್ತಿಯಿಂದ ಜೀಪು ಮೂಗಡಿಯಾಗಿ ಇಳಿಯುವಾಗ ನಾನು ವಿಷ್ಣುಸಹಸ್ರನಾಮ ಶುರುಮಾಡಿದೆ. ಮೊದಲ ಶ್ಲೋಕ ಮುಗಿಯುವುದರೊಳಗೆ ತಳ ಮುಟ್ಟಿದ್ದೆವು. ಅಲ್ಲಿ ಮರಳಿನ ಮೇಲೆ ಕಪ್ಪೆಚಿಪ್ಪುಗಳು, ಕಲ್ಲಾಗಿ ಬಿದ್ದಿದ್ದವು. ಒಂದು ಕಾಲಕ್ಕೆ ಇಲ್ಲೆಲ್ಲ ನಿಜವಾದ ಸಮುದ್ರ.

ರಾತ್ರಿ ಊಟಕ್ಕೆ ಮರಳಿನಲ್ಲಿ ಹೂತು ಬೇಯಿಸಿದ ಕೋಳಿ. ‘ಕೋಳಿ ಆಗಬಹುದೆ?’ ಎಂದು ಬೆಳಗ್ಗೆಯೇ ಕೇಳಿದ್ದನಂತೆ, ನಾನು ತಲೆ ಓಲಾಡಿಸಿದ್ದೆನಂತೆ. ಪಾಪ, ಮುಚ್ಚಳ ತೆಗೆದು ನಮ್ಮ ಮುಖ ನೋಡಿದವನ ಮುಖ ಇಳಿದುಹೋಯಿತು. ರೊಟ್ಟಿ, ಆಲಿವ್, ಖರ್ಜೂರ ತಿಂದು ಮಲಗಿದೆವು.

ಕೊನೆಯ ದಿನ ಉಪ್ಪಿನ ಹೊಂಡ. ಉಪ್ಪು ತೆಗೆಯಲು ತೋಡಿದ ಉದ್ದನೆಯ ಗುಂಡಿಗಳು, ನವಿಲುಗರಿಯ ಬಣ್ಣದ ನೀರು. ಏಳನೇ ವಯಸ್ಸಿನಲ್ಲಿ ಕೆರೆಗೆ ಬಿದ್ದು ಬದುಕಿದ ನನ್ನಾಕೆ ಅಂದಿನಿಂದ ಮೊಣಕಾಲಿಗಿಂತ ಆಳದ ನೀರಿಗೆ ಇಳಿದವಳಲ್ಲ. ‘ಮುಳುಗುವುದಿಲ್ಲ ಮದಾಮ್’ ಎಂದ ಗೈಡು. ಚೂಡಿದಾರದಲ್ಲೇ ಇಳಿದಳು, ನನ್ನ ಕೈಯನ್ನು ಉಗುರು ಊರುವಷ್ಟು ಗಟ್ಟಿ ಹಿಡಿದು. ನೀರು ಅವಳನ್ನು ಎತ್ತಿತು. ಕೈ ಬಿಟ್ಟಳು. ಆಕಾಶ ನೋಡುತ್ತ ಅಂಗಾತ ತೇಲಿದಳು. ಶೂ ಕಚ್ಚಿದ ಗಾಯಕ್ಕೆ ಉಪ್ಪು ತಾಗಿ ನಾನು ದಡದಲ್ಲಿ ಕುಣಿಯುತ್ತಿದ್ದರೆ, ಅವಳು ‘ರೀ, ಗಲಾಟೆ ಮಾಡಬೇಡಿ’ ಎಂದಳು. ಅರ್ಧ ಗಂಟೆ ಗೈಡೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮಗಳು ದುಡ್ಡು ಕೊಟ್ಟ ಪ್ರೈವೇಟ್ ಟೂರು ಎಂದರೆ ಆ ಅರ್ಧ ಗಂಟೆಯೇ. ಅದು ಪೂರ್ತಿ ಅವಳದು.

ಕೈರೋದಲ್ಲಿ ಬೀಳ್ಕೊಡುವಾಗ ಗೈಡಿನ ಕೈಗೆ ಇನಾಮಿನ ಲಕೋಟೆ ಕೊಟ್ಟು, ‘ಸಾಕಾ?’ ಎಂದೆ. ಅವನು ತಲೆಯನ್ನು ಎಡಕ್ಕೂ ಬಲಕ್ಕೂ ಓಲಾಡಿಸಿದ, ಥೇಟ್ ನಮ್ಮ ಹಾಗೆ. ಅದರ ಅರ್ಥ ಏನೆಂದು ತಿಳಿಯದೆ ಇನ್ನೊಂದು ನೋಟು ಕೊಟ್ಟೆ.

ಅಂದಹಾಗೆ, ಸಿವಾದ ಅಂಗಡಿಯಲ್ಲಿ ‘ಹತ್ತು ಕಿಲೋ?’ ಎಂದವನಿಗೆ ಇವಳೂ ‘ನೋಡೋಣ’ ಎಂದು ತಲೆ ಆಡಿಸಿಬಿಟ್ಟಿದ್ದಳು. ಹಂಚಿ, ತಿಂದು, ಹೋಳಿಗೆಗೂ ಹಾಕಿ ಇನ್ನೂ ಮೂರು ಕಿಲೋ ಖರ್ಜೂರ ಉಳಿದಿದೆ. ಈ ಕಡೆ ಬಂದರೆ ಮನೆಗೆ ಬನ್ನಿ. ಬೇಕೋ ಬೇಡವೋ ಎಂಬುದನ್ನು ದಯವಿಟ್ಟು ಬಾಯಿಬಿಟ್ಟು ಹೇಳಿ.